ಎರಡು ಗೀರಿನ ಫ್ಯೂಸು

ನಮ್ಮ ಅಕ್ಕನ ಗಂಡನನ್ನು ಊರೆಲ್ಲ ಫ್ಯೂಸ್ ಭಾವ ಎನ್ನುತ್ತಿತ್ತು. ನನಗೊಬ್ಬನಿಗೆ ಭಾವನಾಗಬೇಕಿದ್ದವರು ಇಡೀ ಊರಿಗೆ ಭಾವನಾದರಲ್ಲ ಎಂದು ಅಕ್ಕನಿಗೆ ಕೊನೆಯವರೆಗೂ ಕಸಿವಿಸಿ. ಏಸಿ, ಶೀತಲ ಕೋಣೆ, ಹೀಟರು, ಯಾವುದರ ಫ್ಯೂಸು ಹೋದರೂ ಅದೇ ಅಳತೆಯ ಹೊಸದನ್ನು ಹಾಕಿಕೊಡುವುದು ಅವರ ಕಸುಬು. ಎಚ್ಚರಿಕೆ ಎಂಥದ್ದೆಂದರೆ, ಮದುವೆಯ ದಿನ ಅಕ್ಕನ ಕೈಗೆ ಮೊದಲು ಟೆಸ್ಟರ್ ಮುಟ್ಟಿಸಿ, ಆಮೇಲೆ ಹಿಡಿದರು. ನಲವತ್ತು ವರ್ಷದಿಂದ ಇದನ್ನು ಹೇಳಿ ಹೇಳಿ ಈಗ ನನಗೇ ನಿಜವೆನಿಸಿಬಿಟ್ಟಿದೆ.

ಫ್ಯೂಸೆಂದರೆ ಬೆರಳುದ್ದದ ಪಿಂಗಾಣಿ ಕೊಳವೆ, ಎರಡು ತುದಿಗೂ ಲೋಹದ ಟೋಪಿ, ಒಳಗೊಂದು ತೆಳ್ಳನೆಯ ಪಟ್ಟಿ. ಕರೆಂಟು ಅತಿಯಾದರೆ ಪಟ್ಟಿ ಕರಗಿ, ತಾನು ಸತ್ತು ಮನೆ ಉಳಿಸುತ್ತದೆ. ತಾವು ಹಾಕುವ ಫ್ಯೂಸಿನ ಟೋಪಿಗೆ ಭಾವ ಮೊಳೆಯಿಂದ ಒಂದು ಗೀರು ಎಳೆಯುತ್ತಿದ್ದರು. ಎರಡು ಗೀರು ಅವರ ಅಣ್ಣನ ಗುರುತು. ಕಸುಬು ಕಲಿಸಿದ್ದು ಆ ಅಣ್ಣನೇ. ಒಮ್ಮೆ ಲಾಂಡ್ರಿಯ ಯಜಮಾನ ಅವಸರ ಮಾಡಿದನೆಂದು, ಚೀಲದಲ್ಲಿ ಫ್ಯೂಸು ಮುಗಿದಿತ್ತೆಂದು, ಅದರ ಜಾಗಕ್ಕೆ ಅವನು ತಾಮ್ರದ ತಂತಿ ಸುತ್ತಿದ. ಜೀವಮಾನದಲ್ಲಿ ಅದೊಂದೇ ಸಲ. ತಂತಿ ಕರಗಲಿಲ್ಲ, ಗೋಡೆಯೊಳಗಿನ ವೈರು ಹೊತ್ತಿಕೊಂಡಿತು. ಮೇನ್ ಸ್ವಿಚ್ಚು ಆರಿಸಲು ಒಳಗೆ ನುಗ್ಗಿದವನು ಹೊರಗೆ ಬರಲಿಲ್ಲ.

ಭಾವನ ಮಗಳಿಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಕೂಸು ನನ್ನ ಚಪ್ಪಲಿಗಿಂತ ಸ್ವಲ್ಪ ಉದ್ದ. ಅದನ್ನು ಆಸ್ಪತ್ರೆಯ ಬಿಸಿ ಕೋಣೆಯಲ್ಲಿ ಮಲಗಿಸಿ, ಅಲ್ಲಿಂದ ಕದಲಿಸಬೇಡಿ ಎಂದರು ಡಾಕ್ಟರು. ಎರಡನೆಯ ದಿನ ಆ ಕೋಣೆಯ ಹೀಟರಿನ ಫ್ಯೂಸು ಬೆಳಿಗ್ಗೆ ಒಮ್ಮೆ ಹೋಯಿತು, ಮಧ್ಯಾಹ್ನ ಒಮ್ಮೆ ಹೋಯಿತು. ನಾಲ್ಕು ಗಂಟೆಗೆ ಮೂರನೆಯದೂ ಹೋದಾಗ ಭಾವನ ಚೀಲ ಖಾಲಿ. ಅಂಗಡಿಯಿಂದ ತರಲು ಒಂದು ಗಂಟೆ ಬೇಕು.

"ಒಂದು ತುಂಡು ತಂತಿ ಸುತ್ತಿಬಿಡಿ ಭಾವ," ಎಂದಳು ನರ್ಸ್. "ಮಗು ಕಾಲು ಆಗಲೇ ತಣ್ಣಗಾಗ್ತಿದೆ."

ಭಾವ ಖಾಲಿ ಚೀಲವನ್ನು ಮತ್ತೊಮ್ಮೆ ತಡಕಿದರು. ಅಕ್ಕ ಅವರ ಮುಖ ನೋಡಿದಳು. "ಸತ್ತವರ ಭಯಕ್ಕೆ ಬದುಕಿರೋದನ್ನ ಕಳ್ಕೋತೀರಾ? ಸುತ್ತಿ."

ಭಾವ ತಂತಿ ಕತ್ತರಿಸಿದರು. ನಾನು ಟಾರ್ಚು ಹಿಡಿದೆ. ಸುಟ್ಟ ಫ್ಯೂಸನ್ನು ಆಗಷ್ಟೇ ಕಿತ್ತು ಜೇಬಿಗೆ ಹಾಕಿಕೊಂಡಿದ್ದರು, ಗೋಡೆಯ ಫ್ಯೂಸ್ ಪೆಟ್ಟಿಗೆಯಲ್ಲಿ ಆ ಜಾಗ ಖಾಲಿ ಇದ್ದದ್ದನ್ನು ಇಬ್ಬರೂ ನೋಡಿದ್ದೆವು. ಮುಚ್ಚಳ ತೆರೆದರೆ ಅಲ್ಲೊಂದು ಫ್ಯೂಸು ಕೂತಿತ್ತು. ಹೊಗೆ ಹಿಡಿದು ಕಪ್ಪಾಗಿತ್ತು. ಟೋಪಿಯ ಮೇಲೆ ಎರಡು ಗೀರು. ಒದ್ದೆ ಬಟ್ಟೆ ಇಸ್ತ್ರಿಯಡಿ ಸೀದ ವಾಸನೆ ಬಂತು.

ಭಾವ ಅದನ್ನು ಮೆಲ್ಲಗೆ ಕಿತ್ತು ನನ್ನ ಕೈಗಿಟ್ಟರು. ಮಂಜುಗಡ್ಡೆ ಹಿಡಿದಂತಾಯಿತು. ತಂತಿಯನ್ನು ಕಿಟಕಿಯಾಚೆ ಎಸೆದು ಮೇನ್ ಆರಿಸಿದರು.

"ಕೂಸನ್ನ ಎದೆಗೆ ಅವಚ್ಕೊ," ಎಂದರು ಅಕ್ಕನಿಗೆ. "ಮೇಲೆ ಕಂಬಳಿ ಸುತ್ತು. ಬೇರೆ ಆಸ್ಪತ್ರೆಗೆ ಹೋಗೋಣ."

"ಕದಲಿಸಬೇಡಿ ಅಂದಿದಾರಲ್ರೀ."

"ಅಣ್ಣ ಬೇಡ ಅಂತಿದಾನೆ ಕಣೇ."

ಅಕ್ಕ ಮತ್ತೆ ಪ್ರಶ್ನೆ ಕೇಳಲಿಲ್ಲ. ಮದುವೆಯಾದಾಗಿನಿಂದ ಅದೇ ಮೊದಲು. ದಾರಿಯುದ್ದಕ್ಕೂ ಕೂಸು ಅವಳ ಎದೆಯ ಬಿಸಿಯಲ್ಲೇ ಉಸಿರಾಡಿತು. ಮರುದಿನ ಆ ಕೋಣೆಯ ಗೋಡೆ ಒಡೆಸಿದರು. ತೊಟ್ಟಿಲು ಇದ್ದ ಕಡೆ ಮೊಳದುದ್ದ ವೈರು ಸುಟ್ಟು ಇದ್ದಲಾಗಿತ್ತು.

ಭಾವ ಹೋಗಿ ಆರು ವರ್ಷವಾಯಿತು. ಫ್ಯೂಸು ನನ್ನ ಮೇಜಿನ ಖಾನೆಯಲ್ಲಿದೆ. ಆ ಕೂಸು ಈಗ ನನಗಿಂತ ಎತ್ತರ, ನಾಲಿಗೆ ಇನ್ನೂ ಉದ್ದ. ಮೊನ್ನೆ ಬಂದಾಗ ಕಥೆಯನ್ನು ಅರ್ಧ ಹೇಳಿದೆ. ಭಾವನ ಅಣ್ಣ ಬೆಂಕಿಯಲ್ಲಿ ಹೋದನೆಂದಷ್ಟೇ ಹೇಳಿ, ಲಾಂಡ್ರಿಯ ವಿಷಯ, ವಾಸನೆಯ ವಿಷಯ ಬಿಟ್ಟಿದ್ದೆ.

"ಇದೂ ಟೆಸ್ಟರ್ ಕಥೆ ಥರಾನೇ ತಾನೇ, ಅಜ್ಜ?"

ಖಾನೆ ಎಳೆದೆ. ಬೇಸಿಗೆಯ ಮಧ್ಯಾಹ್ನ. ಅವಳು ಫ್ಯೂಸನ್ನು ಮುಟ್ಟಿ, ತಟ್ಟನೆ ಕೈ ತೆಗೆದು ಬೆರಳು ಮೂಸಿ ನೋಡಿಕೊಂಡಳು.

"ಅಜ್ಜ," ಎಂದಳು, "ಯಾರ ಮನೇಲಿ ಇಸ್ತ್ರಿ ಬಟ್ಟೆ ಸೀಯ್ತಾ ಇದೆ?"