ಲೋಟ ಇಟ್ಟು ಹೋಗುವಷ್ಟು ಹೊತ್ತು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಟ್ರ್ಯಾಕ್ ಅಕ್ಕ ಎಂದು. ಅಕ್ಕ ಎನ್ನಿಸಿಕೊಳ್ಳುವ ವಯಸ್ಸೇನೂ ಆಗ ಅವಳದಲ್ಲ. ಆದರೂ ತಲೆಯೆಲ್ಲ ಬೆಳ್ಳಗಾದ ವಯಲಿನ್‌ನವರು ಕೂಡ ಅಕ್ಕ ಎಂದೇ ಕೂಗುತ್ತಿದ್ದರು. ಮೊದಮೊದಲು ಅವಳಿಗೆ ಮೈ ಉರಿಯುತ್ತಿತ್ತು, ಆಮೇಲೆ ಆ ಹೆಸರಿಗೇ ಒಗ್ಗಿಹೋದಳು.

ಟ್ರ್ಯಾಕ್ ಹಾಡುವುದು ವಿಚಿತ್ರವಾದ ಕಸುಬು. ದೊಡ್ಡ ಗಾಯಕಿಗೆ ಪುರುಸೊತ್ತು ಇರುವುದಿಲ್ಲ. ಅವರು ಬರುವ ಮೊದಲೇ ಬೇರೆ ಯಾರಾದರೂ ಹಾಡನ್ನು ಪೂರ್ತಿ ಹಾಡಿಟ್ಟಿರಬೇಕು. ಆ ದನಿಯನ್ನು ಹಿಡಿದುಕೊಂಡು ವಾದ್ಯದವರು ನುಡಿಸುತ್ತಾರೆ. ದೊಡ್ಡ ಗಾಯಕಿ ಬಂದಮೇಲೆ ಹೆಡ್‌ಫೋನಿನಲ್ಲಿ ಅದನ್ನೇ ಕೇಳಿಸಿಕೊಂಡು, ಅದರ ಮೇಲೆ ತಮ್ಮ ದನಿ ಕೊಟ್ಟು, ಕಾರು ಹತ್ತಿ ಹೋಗುತ್ತಾರೆ. ಅಲ್ಲಿಗೆ ಟ್ರ್ಯಾಕಿನ ಕೆಲಸ ಮುಗಿಯಿತು, ಅಳಿಸಿಬಿಡುತ್ತಾರೆ. ಟೇಪಿನಲ್ಲಿ ಜಾಗ ಕಡಿಮೆ, ಆ ಜಾಗಕ್ಕೆ ಕೊಳಲೋ ಗಿಟಾರೋ ಬರಬೇಕು. ಟ್ರ್ಯಾಕ್ ಅಕ್ಕ ಎಷ್ಟು ಚೆನ್ನಾಗಿ ಹಾಡಿದರೆ ಅಷ್ಟು ಬೇಗ ಅಳಿಸಿಹೋಗುತ್ತಿದ್ದಳು. ಅವಳಿಗೆ ಇದರಲ್ಲಿ ತಕರಾರಿರಲಿಲ್ಲ. ಅಡಿಪಾಯ ತೋಡುವವರು ತಾರಸಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೇನು?

ಅಳಿಸುವ ಕೆಲಸ ರೆಕಾರ್ಡಿಸ್ಟರ ಅಸಿಸ್ಟೆಂಟನದು. ಉದ್ದ ಕಾಲಿನ, ಮಾತು ಕಡಿಮೆಯ, ಚೊಕ್ಕಟದ ಹುಚ್ಚಿದ್ದ ಹುಡುಗ. ತನ್ನ ಟೇಪಿನಲ್ಲಿ ಒಂದು ಸೊಳ್ಳೆಯ ಸದ್ದೂ ಇರಕೂಡದು ಎಂಬುದು ಅವನ ಹಟ. ಗಾಯಕರು ಎರಡು ಸಾಲುಗಳ ನಡುವೆ ಉಸಿರೆಳೆದದ್ದು, ಗಂಟಲು ಸರಿಮಾಡಿಕೊಂಡದ್ದು, ಬಳೆ ಕಿಣಿ ಎಂದದ್ದು, ಎಲ್ಲವನ್ನೂ ಕೂತು ಒಂದೊಂದಾಗಿ ಒರೆಸಿ ತೆಗೆಯುತ್ತಿದ್ದ. ಸಾಲಿನಿಂದ ಸಾಲಿಗೆ ನಡುವೆ ಬಾವಿಯಂಥ ನಿಶ್ಶಬ್ದ.

ಅಂಥವನು ಒಂದು ಮಧ್ಯಾಹ್ನ ಮಾಡಬಾರದ ಎಡವಟ್ಟು ಮಾಡಿದ.

ಅದೊಂದು ಪ್ರೇಮಗೀತೆ. ನಿಧಾನ ಲಯ, ಪಿಯಾನೋ ಮುಂದೆ, ವಯಲಿನ್ ಹಿಂದೆ. ಪ್ರೀತಿಸಿದವನು ಊರು ಬಿಟ್ಟು ಹೊರಟಿದ್ದಾನೆ, ಅವಳು ಬಾಗಿಲಲ್ಲಿ ನಿಂತಿದ್ದಾಳೆ. ಪಲ್ಲವಿಯ ಸಾಲು ಹೀಗಿತ್ತು: "ಹೋಗಿಬರುವೆ ಎಂದೆ ನೀನು, ಹೋಗು ಎನ್ನಲಾರೆ ನಾನು." ಅವತ್ತು ಟ್ರ್ಯಾಕ್ ಅಕ್ಕನಿಗೆ ಬೆಳಗಿನಿಂದ ಕೆಮ್ಮು. ರಿಹರ್ಸಲ್ಲಿನಲ್ಲಿ ಅದನ್ನು ಕಂಡ ಅಸಿಸ್ಟೆಂಟ್ ಒಂದು ಲೋಟ ಬಿಸಿನೀರು ಹಿಡಿದುಕೊಂಡು ಹಾಡುವ ಕೋಣೆಯ ಬಾಗಿಲು ತಳ್ಳಿದ. ಒಳಗೆ ಟೇಪು ಓಡುತ್ತಿದ್ದರೆ ಬಾಗಿಲ ಮೇಲೆ ಕೆಂಪು ಬಲ್ಬು ಉರಿಯಬೇಕು. ಆದರೆ ಬಲ್ಬು ಕೆಟ್ಟುಹೋಗಿತ್ತು. ಅದನ್ನು ಬದಲಾಯಿಸಬೇಕಾಗಿದ್ದವನೂ ಅವನೇ!

ಒಳಗೆ ಅವಳು ಆಗತಾನೇ "ಹೋಗು" ಎಂದು ಹಾಡಿದ್ದಳು. ಎದುರಿಗೆ ಲೋಟ ಹಿಡಿದು ಕಲ್ಲಾಗಿ ನಿಂತವನನ್ನು ಕಂಡು ಅಲ್ಲೇ ದನಿ ತಡೆದಳು. ಸದ್ದು ಬಂದರೆ ಬಾಯಿ ಮುಚ್ಚಬೇಕು, ಹೋದಮೇಲೆ ಮುಂದುವರಿಸಬೇಕು, ಟೇಪು ಮಾತ್ರ ನಿಲ್ಲಬಾರದು ಎಂಬುದು ಟ್ರ್ಯಾಕಿನವರ ಪಾಠ. ಗಾಜಿನಾಚೆಯ ಕೋಣೆಯಿಂದ ಅವಳ ಮುಖವನ್ನೇ ನೋಡುತ್ತಿದ್ದ ಪಿಯಾನೋದವನೂ ಕೈ ತಡೆದ. ಬಿಸಿನೀರು ಬೆರಳ ಮೇಲೆ ತುಳುಕಿತು. ಹುಡುಗ ಲೋಟವನ್ನು ಹಾಡಿನ ಹಾಳೆ ಇಡುವ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಟಣ್ಣೆಂದು ಇಟ್ಟು, "ಸಾರಿ ಅಕ್ಕ" ಎಂದು ಪಿಸುಗುಟ್ಟಿ, ಬೆರಳು ಬಾಯಿಗಿಟ್ಟುಕೊಂಡು ಹೊರಗೋಡಿದ. ಟೇಪು ಓಡುತ್ತಿತ್ತು, ಅವಳು ಉತ್ತರ ಕೊಡುವಂತಿರಲಿಲ್ಲ. ನಗು ನುಂಗಿಕೊಂಡು "ಎನ್ನಲಾರೆ ನಾನು" ಎಂದು ಎತ್ತಿಕೊಂಡಳು. ಪಿಯಾನೋ ಜೊತೆಗೇ ಬಂತು.

ಆ ಹೊತ್ತಿಗೆ ಸಂಗೀತದ ಮೇಷ್ಟ್ರು ವಯಲಿನ್‌ನವರಿಗೆ ಬೈಯುವುದರಲ್ಲಿ ಮುಳುಗಿದ್ದರು, ದೊಡ್ಡ ರೆಕಾರ್ಡಿಸ್ಟರು ಆ ಬೈಗುಳ ಕೇಳುವುದರಲ್ಲಿ. ಆಮೇಲೆ ಪಿಯಾನೋ ಮಾತ್ರ ಕೇಳಿ ನೋಡಿದ ಮೇಷ್ಟ್ರು, "ಇಲ್ಲೊಂದು ಕಡೆ ನಿಂತಿದ್ದೀರಲ್ಲ, ಪರವಾಗಿಲ್ಲ, ಚೆನ್ನಾಗೇ ಇದೆ" ಎಂದುಬಿಟ್ಟರು. ಪಿಯಾನೋ ನಿಂತ ಕಡೆ ದೊಡ್ಡ ಗಾಯಕಿಯೂ ನಿಲ್ಲಲೇಬೇಕಾಯಿತು. ಹೆಡ್‌ಫೋನು ಹಾಕಿಕೊಂಡು ಟ್ರ್ಯಾಕ್ ಕೇಳುವಾಗ ಆ ಜಾಗದಲ್ಲಿ ಅವರು ಯಾಕೋ ಸಣ್ಣಗೆ ನಕ್ಕರು. ಹಾಡಿದರು, ಕಾರು ಹತ್ತಿದರು.

ಹಾಡು ಊರೆಲ್ಲ ಹಬ್ಬಿತು. ಕ್ಷೌರದಂಗಡಿ, ಆಸ್ಪತ್ರೆಯ ಕ್ಯಾಂಟೀನು, ಬಸ್ಸು, ಎಲ್ಲೆಲ್ಲೂ ಅದೇ. ಜನ ಎಲ್ಲಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡದ್ದು ಆ ನಿಲುಗಡೆಯನ್ನು. "ಹೋಗು" ಎಂದು ಹೇಳಿಯೇಬಿಟ್ಟಳಲ್ಲ ಎಂದು ಕೇಳುವವರ ಎದೆ ಧಸಕ್ಕೆನ್ನಬೇಕು, ಆಮೇಲೆ "ಎನ್ನಲಾರೆ ನಾನು" ಬಂದು ಸಮಾಧಾನ ಮಾಡಬೇಕು. ಪತ್ರಿಕೆಯವರು ಪುಟಗಟ್ಟಲೆ ಬರೆದರು. ದೊಡ್ಡ ಗಾಯಕಿ ಒಂದು ಸಂದರ್ಶನದಲ್ಲಿ, ಆ ಕ್ಷಣ ತಮಗೇ ಗಂಟಲು ಕಟ್ಟಿ ಬಂದಿತ್ತು ಎಂದರು. ಬರಲಿ ಪಾಪ. ಗಂಟಲು ಕಟ್ಟಿದ್ದು ಯಾರಿಗೆ, ಬೆರಳು ಸುಟ್ಟುಕೊಂಡದ್ದು ಯಾರು ಎಂದು ಬಲ್ಲವರು ಇಬ್ಬರೇ. ಅಷ್ಟರಲ್ಲಿ ಆ ಇಬ್ಬರೂ ಮದುವೆಯಾಗಿದ್ದರು.

ಗಂಡ ಮೊದಲ ವಾರದಲ್ಲೇ ಅವಳಿಂದ ಮಾತು ತೆಗೆದುಕೊಂಡ. "ಲೋಟದ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡ ಮಾರಾಯ್ತಿ. ಟೇಪ್ ಓಡುವಾಗ ಒಳಗೆ ಹೋದೆ ಅಂತ ಗೊತ್ತಾದ್ರೆ ನನ್ನನ್ನ ಗೇಟಿನ ಹೊರಗೆ ಹಾಕ್ತಾರೆ."

"ಲೋಟದ ವಿಷಯ ಬಿಡಿ," ಎಂದಳು ಅವಳು. "ನನ್ನನ್ನ ಅಕ್ಕ ಅಂದ್ರಲ್ಲ, ಅದನ್ನ ಹೇಳ್ಬಹುದಾ?"

"ನಾನ್ಯಾವಾಗ ಅಂದೆ? ಸಾರಿ ಅಂದೆ, ಅಷ್ಟೇ."

"ಅಕ್ಕ ಅಂದ್ರಿ."

"ಅನ್ಲಿಲ್ಲ ಕಣೇ! ಸಾಕ್ಷಿ ಇದ್ರೆ ತೋರಿಸು."

ಸಾಕ್ಷಿ ಎಲ್ಲಿಂದ ತರುವುದು? ಟ್ರ್ಯಾಕನ್ನು ಅವನೇ ಅಳಿಸಿದ್ದ. ಈ ಜಗಳ ಅವರ ಮನೆಯಲ್ಲಿ ಅನ್ನ ನೀರಿನ ಹಾಗೆ ನಡೆದುಕೊಂಡು ಬಂತು. ಮುಂದೆ ಅವನೇ ದೊಡ್ಡ ರೆಕಾರ್ಡಿಸ್ಟ್ ಆದ. ಯಾರೂ ಅವನನ್ನು ಗೇಟಿನ ಹೊರಗೆ ಹಾಕುವ ಹಾಗಿರಲಿಲ್ಲ. ಆದರೆ ಅಷ್ಟರಲ್ಲಿ, ನನ್ನ ಟೇಪಲ್ಲಿ ಒಂದು ಸೊಳ್ಳೆ ಸದ್ದು ತೋರಿಸಿ ನೋಡೋಣ ಎನ್ನುವುದು ಅವನ ಹೆಮ್ಮೆಯ ಮಾತಾಗಿ ಕೂತಿತ್ತು. ಮಗನ ಮುಂದೆಯೂ ಅದನ್ನೇ ಹೇಳಿದ. ಟ್ರ್ಯಾಕ್ ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಒಂದೇ ಒಂದು ಸಲ ಮಾತ್ರ ಕೇಳಿದ್ದಳು, "ಅಷ್ಟು ಹಾಡಲ್ಲಿ ನಂದೊಂದಾದ್ರೂ ಇಟ್ಕೋಬೇಕು ಅನ್ನಿಸ್ಲಿಲ್ವಾ ನಿಮಗೆ?" ಅವನು ಕನ್ನಡಕ ಒರೆಸಿಕೊಳ್ಳುತ್ತ, "ಕ್ರಮ ಅಂದ್ರೆ ಕ್ರಮ" ಎಂದ. ಅವಳಿಗೆ ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು.

ಕಂಪ್ಯೂಟರು ಬಂದು ಟ್ರ್ಯಾಕಿನ ಕೆಲಸ ಕಡಿಮೆಯಾದಮೇಲೆ ಅವಳು ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವ ಕೆಲಸಕ್ಕೆ ಸೇರಿದಳು. ಅಲ್ಲೂ ಹೇಳಿದ್ದು ಹೇಳಿದಲ್ಲೇ ಮಾಯ. ನಿವೃತ್ತಿಯಾದಳು. ಗಂಡ ಕಳೆದ ವರ್ಷ ತೀರಿಕೊಂಡ. ಮನೆಯಲ್ಲಿ ಈಗ ಅವಳು, ಮಗ, ಸೊಸೆ.

ಮಗನದೂ ಅಪ್ಪನ ದಾರಿಯೇ. ಹಿಂದಿನ ಕೋಣೆಯ ಗೋಡೆಗೆಲ್ಲ ಸ್ಪಂಜು ಅಂಟಿಸಿ, ಕಂಪ್ಯೂಟರಿನಲ್ಲಿ ಹಾಡು ಮಾಡುತ್ತಾನೆ. ಒಂದು ಸಂಜೆ ಊಟದ ಮೇಜಿನಲ್ಲಿ ಸುದ್ದಿ ಹೇಳಿದ: ಆ ಹಳೆಯ ಪ್ರೇಮಗೀತೆಯನ್ನು ಹೊಸದಾಗಿ ಮಾಡಿಕೊಡಲು ಕಂಪನಿಯವರು ಕೇಳಿದ್ದಾರೆ. ಹೊಸ ಹುಡುಗಿ ಹಾಡುತ್ತಾಳೆ. ಹಳೆಯ ಟೇಪನ್ನೂ ಕೊಟ್ಟಿದ್ದಾರೆ, ಒಂದೊಂದು ವಾದ್ಯ, ಒಂದೊಂದು ದನಿ ಬೇರೆಬೇರೆಯಾಗಿ ಕೇಳಬಹುದು.

"ಅಪ್ಪ ರೆಕಾರ್ಡ್ ಮಾಡಿದ ಹಾಡು ಅಂತಲೇ ಒಪ್ಕೊಂಡೆ ಅಮ್ಮ. ಒಂದೇ ಬದಲಾವಣೆ. ಪಲ್ಲವೀಲಿ ನಿಲ್ತಾರಲ್ಲ, ಅದನ್ನ ತೆಗೆದು ಮುಚ್ಚಿಬಿಡ್ತೀನಿ."

ಟ್ರ್ಯಾಕ್ ಅಕ್ಕನ ಕೈಯಲ್ಲಿದ್ದ ಚಮಚ ನಿಂತಿತು. "ಯಾಕೆ?"

"ಹಾಡು ನಿಂತ್ರೆ ಜನ ನೆಟ್ ಹೋಯ್ತು ಅಂದ್ಕೊಂಡು ಮುಂದಿನದಕ್ಕೆ ಹೋಗ್ತಾರಂತೆ. ಕಂಪನಿಯವರದ್ದು ಒಂದೇ ಹಟ."

ಸೊಸೆ ನಕ್ಕಳು. ಅತ್ತೆಗೆ ನಗು ಬರಲಿಲ್ಲ. ತಟ್ಟೆ ತೊಳೆಯುವಾಗಲೂ, ಬಟ್ಟೆ ಮಡಿಸುವಾಗಲೂ ಅದೇ ಕೊರೆಯಿತು. ಇಷ್ಟು ವರ್ಷ ಹಾಡಿದ್ದರಲ್ಲಿ ಅವಳದೆಂದು ಜಗತ್ತಿನಲ್ಲಿ ಉಳಿದದ್ದು ಆ ನಿಲುಗಡೆ ಒಂದೇ. ಅದನ್ನು ಹೊಟ್ಟೆಯಲ್ಲಿ ಹುಟ್ಟಿದವನೇ ಕತ್ತರಿಸುತ್ತಿದ್ದಾನೆ. ಬೇಡವೆನ್ನಲು ಕಾರಣ ಹೇಳಬೇಕು. ಕಾರಣ ಹೇಳಿದರೆ ಸತ್ತವನ ಹೆಮ್ಮೆ ಮಣ್ಣುಪಾಲು. ಆಡಿದರೆ ಗಂಡನಿಗೆ ಕೊಟ್ಟ ಮಾತು ಹೋಯಿತು, ಆಡದಿದ್ದರೆ ಅವನ ನೆನಪೇ ಹೋಯಿತು.

ಮಾರನೆಯ ಬೆಳಗ್ಗೆ ಮಗನ ಕೋಣೆಗೆ ಹೋಗಿ ಕುರ್ಚಿ ಎಳೆದು ಕೂತಳು. "ನಿಮ್ಮಪ್ಪನ್ನ ಮೇಲೆ ಹೋದಾಗ ನಾನು ನೋಡ್ಕೋತೀನಿ. ಈಗ ಕೇಳು" ಎಂದು ಬಲ್ಬಿನಿಂದ ಹಿಡಿದು ಬೆರಳಿನ ತನಕ ಎಲ್ಲ ಹೇಳಿದಳು.

ಮಗ ಕಣ್ಣು ಬಾಯಿ ಬಿಟ್ಟುಕೊಂಡು ಕೇಳಿದ. "ಅಪ್ಪ? ಟೇಪ್ ಓಡುವಾಗ? ಒಳಗೆ?" ಎಂದು ಮೂರು ಸಲ ಕೇಳಿದ. ಆಮೇಲೆ ಏನೋ ಹೊಳೆದವನಂತೆ ಕಂಪ್ಯೂಟರಿನ ಕಡೆ ತಿರುಗಿದ. "ಒಂದು ವಿಚಿತ್ರ ಅಮ್ಮ. ದೊಡ್ಡ ಗಾಯಕಿಯ ದನೀಲಿ ಸಾಲುಗಳ ಮಧ್ಯೆ ಎಲ್ಲಾ ಕಡೆ ಅಪ್ಪ ಒರೆಸಿ ಇಟ್ಟಿದ್ದಾರೆ. ಉಸಿರು ಕೂಡ ಇಲ್ಲ. ಆ ಒಂದು ಜಾಗ ಮಾತ್ರ ಮುಟ್ಟಿಲ್ಲ. ಮರೆತಿರ್ಬೇಕು ಅಂದ್ಕೊಂಡಿದ್ದೆ."

"ಅವರು ಮರೆಯೋ ಪೈಕಿ ಅಲ್ಲ."

"ಅದೇ." ಅವನು ಬೇರೆಲ್ಲ ವಾದ್ಯಗಳನ್ನು ನಿಲ್ಲಿಸಿ, ಆ ಜಾಗದ ಸದ್ದನ್ನು ಎಷ್ಟು ಸಾಧ್ಯವೋ ಅಷ್ಟು ಏರಿಸಿದ.

"ಹೋಗು" ಎಂದಿತು ದೊಡ್ಡ ಗಾಯಕಿಯ ದನಿ. ಆಮೇಲೆ ಸುಯ್ಯೆನ್ನುವ ಸದ್ದು. ಅದರೊಳಗೆ, ಎಲ್ಲೋ ಬಾವಿಯ ತಳದಲ್ಲಿ ಎಂಬಂತೆ, ಟಣ್. ಹಿಂದೆಯೇ ಒಂದು ಗಂಡು ಪಿಸುಮಾತು: "ಸಾರಿ ಅಕ್ಕ."

ಮಗ ವಿವರಿಸಿದ. ದೊಡ್ಡ ಗಾಯಕಿ ಸುಮ್ಮನೆ ನಿಂತಿದ್ದಾಗ, ಅವರ ಹೆಡ್‌ಫೋನಿನಲ್ಲಿ ಓಡುತ್ತಿದ್ದ ಟ್ರ್ಯಾಕು ಹೊರಗೆ ಸೋರಿ ಎದುರಿನ ಮೈಕಿಗೆ ಸಿಕ್ಕಿದೆ. ಟ್ರ್ಯಾಕ್ ಅಳಿಸಿದರೂ ಸೋರಿದ್ದು ಗಾಯಕಿಯ ದನಿಯ ಜೊತೆ ಉಳಿದಿದೆ. ಹೀಗೆ ಸೋರಿದ್ದನ್ನು ಒರೆಸುವುದೇ ಅಪ್ಪನ ಕೆಲಸವಾಗಿತ್ತು. ಎಲ್ಲಾ ಕಡೆ ಒರೆಸಿದ್ದಾರೆ, ಇಲ್ಲಿ ಬಿಟ್ಟಿದ್ದಾರೆ. ಕೇಳಿಯೇ ಬಿಟ್ಟಿದ್ದಾರೆ.

ಟ್ರ್ಯಾಕ್ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ಮೊದಲು ಬಾಯಿಗೆ ಬಂದದ್ದು ಸಿಟ್ಟು. "ಸಾಕ್ಷಿ ತೋರಿಸು ಅಂತಿದ್ರಲ್ಲೋ! ತಾವೇ ಇಟ್ಕೊಂಡು ಕೂತಿದ್ರು! ಜೀವಮಾನ ಪೂರ್ತಿ ನನ್ನ ಸುಳ್ಳುಬುರುಕಿ ಮಾಡಿದ್ರು!" ಎಂದಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ತನ್ನದೊಂದನ್ನೂ ಇಟ್ಟುಕೊಳ್ಳಲಿಲ್ಲ ಎಂದು ಅವಳು ನಂಬಿದ್ದ ಮನುಷ್ಯ, ತನ್ನ ಹೆಮ್ಮೆಯನ್ನೇ ಕೆಡಿಸಿಕೊಂಡು ಒಂದನ್ನು ಇಟ್ಟಿದ್ದ. ಅದೂ ಯಾರೂ ಒರೆಸಲಾಗದಂತೆ, ಆ ಹಾಡು ಕೇಳಿದ ಎಲ್ಲರ ಮನೆಯಲ್ಲಿ.

ಮಗ ಕಂಪನಿಗೆ ಫೋನು ಮಾಡಿ, ನಿಲುಗಡೆ ಇರುತ್ತದೆ, ಬೇಡವಾದರೆ ಬೇರೆಯವರ ಕೈಲಿ ಮಾಡಿಸಿಕೊಳ್ಳಿ ಎಂದ. ಅವರು ಗೊಣಗಿದರು, ಒಪ್ಪಿದರು. ಹೊಸ ಹುಡುಗಿಗೆ ಮಾತ್ರ ಅಲ್ಲಿ ನಿಲ್ಲುವುದು ಕೈಗೆ ಹತ್ತಲಿಲ್ಲ. ಒಮ್ಮೆ ಬೇಗ, ಒಮ್ಮೆ ತಡ. "ಎಷ್ಟು ಹೊತ್ತು ನಿಲ್ಬೇಕು ಆಂಟಿ?" ಎಂದು ಕೇಳಿದಳು.

"ಒಬ್ಬ ಮನುಷ್ಯ ಬಿಸಿನೀರಿನ ಲೋಟ ಇಟ್ಟು ಬಾಗಿಲು ದಾಟಿ ಹೋಗೋಷ್ಟು ಹೊತ್ತು," ಎಂದಳು ಟ್ರ್ಯಾಕ್ ಅಕ್ಕ. ಹುಡುಗಿಗೆ ತಲೆಬುಡ ತಿಳಿಯಲಿಲ್ಲ.

"ನೀನೇ ಒಂದು ಟ್ರ್ಯಾಕ್ ಹಾಡ್ಕೊಡಮ್ಮ," ಎಂದ ಮಗ.

ಅವಳು ಮೈಕಿನ ಮುಂದೆ ನಿಂತಳು. ದನಿಗೆ ವಯಸ್ಸಾಗಿತ್ತು, ಶ್ರುತಿಗೆ ಆಗಿರಲಿಲ್ಲ. "ಹೋಗು" ಎಂದು ನಿಂತಳು. ಟ್ರ್ಯಾಕಿನವರು ಆ ಜಾಗದಲ್ಲಿ ಬಾಯಿ ಮುಚ್ಚಿರಬೇಕು. ಅವಳು ಮುಚ್ಚಲಿಲ್ಲ. ಮೈಕಿಗೆ ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ, "ಪರವಾಗಿಲ್ಲ ಬಿಡಿ" ಎಂದಳು. ಆಮೇಲೆ "ಎನ್ನಲಾರೆ ನಾನು" ಎತ್ತಿಕೊಂಡಳು.

ಹುಡುಗಿ ಅದನ್ನು ಕೇಳಿಸಿಕೊಂಡು, ಆ ಜಾಗದಲ್ಲಿ ಸಣ್ಣಗೆ ನಕ್ಕು, ಸರಿಯಾಗಿ ನಿಂತು, ಚೆನ್ನಾಗಿ ಹಾಡಿ ಮನೆಗೆ ಹೋದಳು. ಟ್ರ್ಯಾಕ್ ಅಕ್ಕ ಹೆಡ್‌ಫೋನನ್ನು ಮೊಳೆಗೆ ನೇತುಹಾಕಿದಳು.

"ಇನ್ನು ನನ್ನದನ್ನ ಅಳಿಸಿಬಿಡು. ಕ್ರಮ ಅಂದ್ರೆ ಕ್ರಮ."

"ಅಳಿಸ್ತೀನಮ್ಮ," ಎಂದ ಮಗ, ಕಂಪ್ಯೂಟರಿನಿಂದ ಮುಖ ತಿರುಗಿಸದೆ. "ಅಪ್ಪ ಬಿಟ್ಟಷ್ಟನ್ನ ಬಿಟ್ಟು."