ಮೂರು ಮೈಕುಗಳು

ಕಳೆದ ಶನಿವಾರ ಗುಡಿಸಲೆಂದು ಬೇಸ್‌ಮೆಂಟಿನ ಸೋಫಾ ಸರಿಸಿದಾಗ ಅದರ ಹಿಂದೆ ಮ್ಯಾಂಡೊಲಿನ್ ಮೀಟುವ ಪಿಕ್ ಒಂದು ಬಿದ್ದಿತ್ತು. ಒಂದು ಮೂಲೆ ಸವೆದದ್ದು. ಶ್ರೀಕಂಠನದು. ಪೊರಕೆ ಬಿಟ್ಟು, ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಶ್ರೀಕಂಠ ಡಿಯರ್‌ಬಾರ್ನ್‌ನಲ್ಲಿ ಕಾರಿನ ಬ್ರೇಕುಗಳ ಎಂಜಿನಿಯರ್ ಆಗಿದ್ದ, ನನ್ನಂತೆಯೇ ಮೈಸೂರಿನವನು. ನಾವಿಬ್ಬರೂ ಈ ದೇಶದ ಬೆಟ್ಟಸೀಮೆಯ ಹಳೆಯ ಹಾಡುಗಳಿಗೆ, ಬ್ಲೂಗ್ರಾಸಿಗೆ, ಹೇಗೆ ಮರುಳಾದೆವೆಂದು ಕೇಳಬೇಡಿ. ನನ್ನ ಹೆಂಡತಿಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಚಿಕ್ಕಂದಿನಲ್ಲಿ ಚಕ್ಕಳಮಕ್ಕಳ ಹಾಕಿ ವರ್ಣದವರೆಗೆ ಕಲಿತಿದ್ದ ಪಿಟೀಲನ್ನೇ ನಾನು ಇಲ್ಲಿ ನಿಂತುಕೊಂಡು ನುಡಿಸುತ್ತಿದ್ದೆ. ಬ್ಯಾಂಜೊಗೆ ಪಕ್ಕದ ಮನೆಯ ವಾಲ್ಟ್ ಇದ್ದ.

ತಿಂಗಳಿಗೊಂದು ಶನಿವಾರ ಶ್ರೀಕಂಠ, ಹೆಂಡತಿ ಮಾಲತಿಯೊಡನೆ, ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಹಾಫ್‌ಮನ್ ಎಸ್ಟೇಟ್ಸ್‌ನ ನಮ್ಮ ಮನೆಗೆ ಬರುತ್ತಿದ್ದ. ಸದ್ದು ಸೇರಬಾರದೆಂದು ಹೀಟರ್ ಆರಿಸಿ, ಗೋಡೆಗೆ ರಜಾಯಿ ತೂಗುಹಾಕಿ, ಸ್ವೆಟರ್ ತೊಟ್ಟು ಒಂದೇ ಮೈಕಿನ ಸುತ್ತ ನಿಂತು ರೆಕಾರ್ಡ್ ಮಾಡುತ್ತಿದ್ದೆವು. ಸರದಿ ಬಂದವನು ಒಂದು ಹೆಜ್ಜೆ ಮುಂದೆ, ಮುಗಿಸಿದವನು ಹಿಂದೆ. ಒಬ್ಬ ತಪ್ಪಿದರೆ ಮೂವರೂ ತಪ್ಪಿದಂತೆ. ತಪ್ಪಿದವನ ವಾದ್ಯವನ್ನಷ್ಟೇ ಅಳಿಸುವ ಹಾಗಿರಲಿಲ್ಲ.

ಆಮೇಲೆ ಶ್ರೀಕಂಠನ ಬಲಗೈ ನಡುಗತೊಡಗಿತು. ಪಾರ್ಕಿನ್ಸನ್ ಎಂದರು ಡಾಕ್ಟರು. "ತಾಳಕ್ಕಾದ್ರೂ ನಡುಗಬಾರ್ದಾ ಕಣೋ, ಇದು ತನ್ನಿಷ್ಟಕ್ಕೆ ನಡುಗತ್ತೆ" ಎಂದು ಅವನೇ ನಕ್ಕ. ನಾನು ವಾದ್ಯಕ್ಕೊಂದರಂತೆ ಮೂರು ಮೈಕು ಕೊಂಡುತಂದೆ, ಒಂದೊಂದರದೂ ಬೇರೆ ಬೇರೆಯಾಗಿ ರೆಕಾರ್ಡ್ ಆಗುವಂತೆ. "ಕ್ಲಿಯರ್ ಆಗಿ ಬರತ್ತೆ" ಎಂದೆ. ಅವನು ಮೈಕುಗಳನ್ನು ನೋಡಿದ, ನನ್ನನ್ನು ನೋಡಿದ, ಮ್ಯಾಂಡೊಲಿನ್ ಎತ್ತಿಕೊಂಡ.

ಅವತ್ತು ಅವನ ಕೈ ತಂತಿ ತಂತಿಗೂ ಎಡವಿತು. ಎಲ್ಲರೂ ಹೋದಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದೆ, ಕೇಳಲಾಗಲಿಲ್ಲ. ಪಿಟೀಲಿಗೂ ಮ್ಯಾಂಡೊಲಿನ್‌ಗೂ ತಂತಿಗಳ ಶ್ರುತಿ ಒಂದೇ. ಮ್ಯಾಂಡೊಲಿನ್ ಒಂದನ್ನು ಎರವಲು ತಂದು, ವಾರವಿಡೀ ಅಭ್ಯಾಸ ಮಾಡಿ, ಅವನು ಮೊದಲು ನುಡಿಸುತ್ತಿದ್ದ ಹಾಗೆಯೇ ನುಡಿಸಿ ಅವನ ಜಾಗಕ್ಕೆ ಸೇರಿಸಿದೆ. ಹಾಡಿನ ಹಿಂದುಮುಂದಿನ ಮಾತುಕತೆಯನ್ನೆಲ್ಲ ಕತ್ತರಿಸಿ, ಮೂಲವನ್ನು ಅಳಿಸಿಹಾಕಿದೆ. ಉಪಕಾರ ಮಾಡಿದೆನೆಂದೇ ಅಂದುಕೊಂಡಿದ್ದೆ.

ಅದನ್ನು ಶ್ರೀಕಂಠನಿಗೆ ಕಳಿಸಿದೆ. "ಕೇಳ್ದೆ. ತುಂಬಾ ಚೆನ್ನಾಗಿದೆ" ಎಂದ ಫೋನಿನಲ್ಲಿ. ಮುಂದಿನ ತಿಂಗಳು ಅವನು ಬರಲಿಲ್ಲ. ಆಮೇಲೆಂದೂ ಬರಲಿಲ್ಲ. ಡ್ರೈವ್ ಮಾಡೋದು ಕಷ್ಟ ಅಂದ. ನಂಬಿದೆ, ನಂಬುವುದು ಸುಲಭವಾಗಿತ್ತು.

ಈಗ ಅವನಿಗೆ ಮಾತೂ ಹೊರಡುವುದಿಲ್ಲ. ಹೋದ ತಿಂಗಳು ಮಾಲತಿ ಫೋನ್ ಮಾಡಿದ್ದರು. "ಕೊನೇ ಸಲದ್ದು ಒರಿಜಿನಲ್ ಇದ್ಯಾ? ಹಾಡು ಮುಗಿದ್ಮೇಲೆ ಇವ್ರು ನನ್ನ ಕರೆದು ಏನೋ ಅಂದು ನಕ್ಕಿದ್ರು. ಆ ದನಿ ಬೇಕಿತ್ತು."

ಕಂಪ್ಯೂಟರ್ ಕೆಟ್ಟು ಎಲ್ಲ ಹೋಯಿತೆಂದು ಸುಳ್ಳು ಹೇಳಿದ್ದೆ.

ಮೆಟ್ಟಿಲ ಮೇಲಿಂದಲೇ ಅವರಿಗೆ ಫೋನ್ ಮಾಡಿದೆ. "ಮಾಲತಿ, ಕಂಪ್ಯೂಟರ್ ಕೆಟ್ಟಿರ್ಲಿಲ್ಲ. ನಾನೇ ಅಳಿಸಿದ್ದು. ಆ ಮ್ಯಾಂಡೊಲಿನ್ ನುಡಿಸಿದ್ದೂ ನಾನೇ."



"ನುಡಿಸಿದ್ದು ನೀವು ಅಂತ ಇವ್ರಿಗೆ ಅವತ್ತೇ ಗೊತ್ತಾಯ್ತು" ಎಂದರು. "ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ. ಆದ್ರೆ ಅಳಿಸಿದೀರ ಅಂತ ಗೊತ್ತಿರ್ಲಿಲ್ಲ. 'ನಾನು ನುಡಿಸಿದ್ದು ಅವನ ಹತ್ರ ಇರತ್ತೆ ಬಿಡು' ಅಂತಿದ್ರು."

ಪಿಕ್ಕಿನ ಸವೆದ ಮೂಲೆಯನ್ನು ಹೆಬ್ಬೆರಳಿಂದ ಉಜ್ಜಿದೆ.

"ಇವ್ರ ಕಿವಿಗೆ ಫೋನ್ ಹಿಡೀಲಾ? ಕೇಳಿಸ್ಕೋತಾರೆ."

ಅತ್ತಲಿಂದ ಉಸಿರಾಟ ಕೇಳಿಸಿತು. "ಶ್ರೀಕಂಠಾ" ಎಂದೆ. ಉಸಿರು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು. ಅವನು ಕಾಯುತ್ತಿದ್ದ. ಅವತ್ತು ಅವನು ನುಡಿಸಿದ್ದು ನನ್ನ ಹತ್ತಿರ ಇರಲಿಲ್ಲ.