ಮಾರದೆ ಉಳಿಸಿದ ಗೂಡು

ಆ ಸಂಜೆ ಶೇರು ಮಾರುವ ಮಾತೆತ್ತಿ ಅಪ್ಪ ಕೇಳಿದಾಗ ನಾನು ಮಾರಿ ಎಂದೆನೋ, ತಡೆಯಿರಿ ಎಂದೆನೋ, ನಿಜಕ್ಕೂ ನೆನಪಿಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು ಏನಾದರೂ ಹೇಳಿಯೇ ಇರಬೇಕು. ಎರಡೂ ಉತ್ತರಗಳು ಈಗ ನನ್ನ ದನಿಯಲ್ಲೇ ಕೇಳಿಸುತ್ತವೆ.

ಕೂಟಗಲ್ ಕಡೆಯ ನಮ್ಮ ಹಿಪ್ಪುನೇರಳೆ ತೋಟಕ್ಕೆ ಹನಿ ನೀರಾವರಿ ಹಾಕಿಸಿದ ಮೇಲೆ, ಆ ಪೈಪು ಮಾಡುವ ಕಂಪನಿಯ ಶೇರುಗಳನ್ನೇ ಅಪ್ಪ ಕೊಂಡಿದ್ದರು. ತೀರ ದೊಡ್ಡ ಕಂಪನಿಯಲ್ಲ, ನಾಳೆಯೇ ಬಾಗಿಲು ಹಾಕುವಷ್ಟು ಚಿಕ್ಕದೂ ಅಲ್ಲ, ನಡುಗಾತ್ರದ್ದು. ಅದು ಬೆಳೆದರೆ ಹೊಸ ಹುಳುಮನೆ ಕಟ್ಟಿಸುವ ಆಸೆ. ಹಳೆಯದರ ತಗಡಿನ ಸೂರಿನಡಿ ಸೆಕೆಗೆ ರೇಷ್ಮೆಹುಳುಗಳು ಸಾಯುತ್ತಿದ್ದವು. ಅಷ್ಟರಲ್ಲಿ ಮಾರುಕಟ್ಟೆ ಕುಸಿದು ಶೇರಿನ ಬೆಲೆ ಅರ್ಧಕ್ಕಿಳಿಯಿತು.

"ನಾಳೆ ರಾಮನಗರಕ್ಕೆ ಹೋಗಿ ಮಾರ್ಬುಟ್ಟು ಬತ್ತೀನಿ," ಎಂದರು ಅಪ್ಪ. "ಗೂಡು ಬುಡ್ಸಿದ್ಮೇಲೆ ಮನೇಲಿ ಇಟ್ಕೊಂಡು ಕೂತೋರ್ನ ಎಲ್ಲಾದ್ರೂ ಕಂಡಿದ್ದೀಯಾ? ಚಿಟ್ಟೆ ತೂತು ಹೊಡ್ಕೊಂಡು ಆಚೆ ಬಂದ್ರೆ ನೂಲೆಲ್ಲ ತುಂಡು. ನೀನೇನಂತೀಯ?"

ಅಮ್ಮ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆಯವರು. ಅವರ ತವರಿನಲ್ಲಿ ಬೆಳೆಯುತ್ತಿದ್ದುದು ಬಿತ್ತನೆ ಗೂಡು, ನೂಲಿಗಲ್ಲ, ಮೊಟ್ಟೆಗೆ.

"ನಮ್ಮಪ್ಪನ ಮನೇಲಿ ಚಿಟ್ಟೆ ಬರ್ಲಿ ಅಂತ್ಲೇ ಕಾಯೋರು. ನಿಮ್ಗೆ ಒಸಿನೂ ತಾಳ್ಮೆ ಇಲ್ಲ. ಮದ್ವೇಲೂ ಪಾಯಸಕ್ಕೆ ಮೊದ್ಲೇ ಎಲೆ ಬುಟ್ಟು ಎದ್ದಿದ್ರಿ."

"ಅದ್ನ ಈಗ ಯಾಕಮ್ಮಿ ಎತ್ತೀಯೆ?"

ಅಮ್ಮ ಆಗಷ್ಟೇ ಬಿಡಿಸಿದ್ದ ಬೆಳೆಯಿಂದ ಒಂದು ಹಿಡಿ ಗೂಡನ್ನು ಮೊರದಲ್ಲಿಟ್ಟು, "ಇವು ಒಡೆಯೋಗಂಟ ಸುಮ್ಕಿರಿ. ಆಮೇಲೆ ಬೇಕಾದ್ರೆ ಹೋಗಿ," ಎಂದರು.

ಒಂದು ಬೆಳಿಗ್ಗೆ ಚಿಟ್ಟೆಗಳು ಹೊರಬಂದವು. ಒದ್ದೆ ಮೈ, ಮುದುರಿದ ರೆಕ್ಕೆ; ನೋಡುತ್ತಿದ್ದಂತೆ ಬೆಳ್ಳಗಾಗಿ ಪಟಪಟ ಬಡಿದುಕೊಳ್ಳತೊಡಗಿದವು. ಮರುದಿನ ಮೊರದ ತುಂಬ ಸಾಸಿವೆಯಂಥ ಹಳದಿ ಮೊಟ್ಟೆ. ಬದುಕೆಲ್ಲ ಗೂಡು ಬೆಳೆದ ಅಪ್ಪ ಒಂದು ಚಿಟ್ಟೆಯನ್ನೂ ಹೊರಬರಗೊಟ್ಟವರಲ್ಲ. ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೈಯಲ್ಲಿದ್ದ ಕಾಫಿ ಆರಿಹೋಯಿತು.

"ಒಂದ್ರ ಹೊಟ್ಟೇಲಿ ಇಷ್ಟೊಂದ್ ಇರ್ತದಾ?"



ಚಿಟ್ಟೆಯೊಂದು ಶೇರಿನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲವೆಂದು ನನಗೆ ಗೊತ್ತು. ಅಷ್ಟೇ ಗಾತ್ರದ ಇನ್ನೊಂದು ಕಂಪನಿಯನ್ನು ನಂಬಿ ಕಾದ ಪಕ್ಕದ ತೋಟದವರು ಎಲ್ಲವನ್ನೂ ಕಳೆದುಕೊಂಡರು. ಮೊಟ್ಟೆ ಕಂಡ ಆ ದಿನವೂ ಅಪ್ಪ ಶೇರು ಮಾರಲು ರಾಮನಗರದ ಬಸ್ಸು ಹತ್ತಲಿಲ್ಲವೆಂಬ ನೆನಪನ್ನೂ ಬಹಳ ಕಾಲ ನಂಬಿರಲಿಲ್ಲ; ಕಥೆ ಚೆನ್ನಾಗಿರಲೆಂದು ನಾನೇ ಸೇರಿಸಿಕೊಂಡಿರಬಹುದಿತ್ತು. ಕೊನೆಗೆ ರಾಮನಗರದ ಶೇರು ಏಜೆಂಟರ ಬಳಿ ವಿಚಾರಿಸಿದೆ. ಬೆಲೆ ಮತ್ತೆ ಏರಿ ಹೊಸ ಹುಳುಮನೆಗೆ ಪಾಯ ತೋಡಿದ ವರ್ಷದವರೆಗೂ ಅಪ್ಪ ಒಂದೇ ಒಂದು ಶೇರನ್ನೂ ಮಾರಿರಲಿಲ್ಲ.